ಎರಡು ನಿಮಿಷಕ್ಕೊಂದು ಚಮಚ

"ನೀರು ಕುಡಿಸಿ ಎಷ್ಟು ತಾಸಾತು?"

ನರ್ಸ್ ಅರ್ಚನಾಳ ಪ್ರಶ್ನೆ ಮಗುವಿನ ಅಪ್ಪನಿಗೆ. ಅವನು ಎದೆಗವಚಿಕೊಂಡಿದ್ದ ಮಗುವಿನ ಹಣೆಯ ಮೇಲಿನ ಕೂದಲನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸಿದ.

"ನಿನ್ನೆ ಮುಂಜಾನೆಯಿಂದ ಕೊಟ್ಟಿಲ್ರಿ ನರ್ಸ್ ಬಾಯಾರ."

"ನಿನ್ನೆ ಮುಂಜಾನೆಯಿಂದ...? ಯಾಕ?"

"ಹೊಟ್ಟಿ ಹರಿಯಾಕತ್ತಿತ್ರಿ. ಸಣ್ಣ ಮರಿಗೆ ಹೊಟ್ಟಿ ಕೆಟ್ರ ನಾವು ತಾಯಿಂದ ಬ್ಯಾರೆ ಕಟ್ಟತೇವಿ. ಒಂದಿನ ಖಾಲಿ ಬಿಟ್ರ ಬಿಗಿ ಹಿಡಿತೈತಿ. ಅದಕ್ಕ ಹಾಲು, ನೀರು ಎರಡೂ ಬಂದ್ ಮಾಡಿದ್ನಿ..."

"ಇದು ಕುರಿಮರಿ ಅಲ್ರಿ, ಕೂಸು!"

ವಾರ್ಡಿನಲ್ಲಿದ್ದ ತಾಯಂದಿರೆಲ್ಲ ತಿರುಗಿ ನೋಡಿದರು. ಅಷ್ಟು ಹೆಂಗಸರ ಮುಂದೆ ಅವನ ಮುಖ ಕಪ್ಪಿಟ್ಟದ್ದು ಅರ್ಚನಾಳಿಗೆ ಕಾಣಿಸಿತು. ಕಂಡರೂ ಅವಳು ಮೆತ್ತಗಾಗಲಿಲ್ಲ. ಅವಳ ಕೈ ಆಗಲೇ ಮಗುವಿನ ಹೊಟ್ಟೆಯ ಮೇಲಿತ್ತು. ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿಯುತ್ತಿತ್ತು. ಕಣ್ಣುಗಳು ಒಳಗೆ ಹೋಗಿದ್ದವು. ಮಗು ಅಳುತ್ತಿತ್ತು, ಆದರೆ ಆ ಅಳುವಿನಲ್ಲಿ ಒಂದು ಹನಿ ಕಣ್ಣೀರಿರಲಿಲ್ಲ.

ಎರಡೂವರೆ ವರ್ಷದ ಹೆಣ್ಣುಮಗು. ಹೆಸರು ಲಗಮವ್ವ, ಮನೆಯವರ ಬಾಯಲ್ಲಿ ಲಗಮಿ. ಕರೆತಂದವನು ಅವಳ ಅಪ್ಪ ಮಾಲಿಂಗ. ಮೂಡಲಗಿ ಬಾಜೂಕಿನ ನಾಗನೂರದವನು. ಎರಡೆಕರೆ ಹೊಲ, ಒಂದು ಹಿಂಡು ಕುರಿ.

ಗೋಕಾಕದ ಆ ಮಕ್ಕಳ ಆಸ್ಪತ್ರೆಯಲ್ಲಿ ಅರ್ಚನಾ ನರ್ಸ್ ಆಗಿ ಆರು ವರ್ಷ ಕಳೆದಿದ್ದವು. ಮಳೆಗಾಲದ ಹೊಸ ನೀರು ಬಂದಾಗಲೆಲ್ಲ ವಾರ್ಡು ವಾಂತಿ-ಭೇದಿಯ ಮಕ್ಕಳಿಂದ ತುಂಬುವುದು ಅವಳಿಗೆ ಹೊಸದಲ್ಲ. ಆದರೂ ನೀರು ಕೊಡದೆ ಒಣಗಿಸಿದ ಮಗುವನ್ನು ನೋಡಿದರೆ ಪ್ರತಿ ಸಲವೂ ಅವಳ ತಾಳ್ಮೆ ತಪ್ಪುತ್ತಿತ್ತು.

ಶಿವಾನಂದ ಡಾಕ್ಟರು ಬಂದು ಪರೀಕ್ಷಿಸಿದರು. ಮಗುವಿಗೆ ಎಚ್ಚರವಿದೆ, ಕುಡಿಯುವ ಆಸೆಯೂ ಇದೆ, ಮೊದಲು ಬಾಯಿಂದಲೇ ಪ್ರಯತ್ನಿಸೋಣ, ನಾಲ್ಕು ತಾಸಿನಲ್ಲಿ ಸುಧಾರಿಸದಿದ್ದರೆ ಸಲಾಯಿನ್ ಹಚ್ಚೋಣ ಎಂದು ಹೇಳಿ ಹೋದರು.

ಅರ್ಚನಾ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಓಆರ್‌ಎಸ್ ಪೊಟ್ಟಣ ಸುರಿದು ಕಲಕಿದಳು. ಬಟ್ಟಲು, ಚಮಚ ತಂದು ಅವನ ಮುಂದಿಟ್ಟಳು.

"ಎರಡು ನಿಮಿಷಕ್ಕೊಂದು ಚಮಚ. ಒಮ್ಮೆಲೆ ಕುಡಿಸಿದ್ರ ವಾಂತಿ ಮಾಡ್ಕೊಳ್ತೈತಿ. ಮಾಡ್ಕೊಂಡ್ರೂ ಬಿಡಬ್ಯಾಡ್ರಿ, ಹತ್ತು ನಿಮಿಷ ತಡದು ಮತ್ತ ಸುರು ಮಾಡ್ರಿ. ಕೂಸಿನ ತಾಯಿ ಎಲ್ಲಿ? ಅವರಿಗೂ ತೋರಿಸ್ತೇನಿ."

"ಇಲ್ರಿ."

"ಊರಾಗ ಅದಾರೇನು?"

"ಎಲ್ಲೂ ಇಲ್ರಿ," ಎಂದ ಮಾಲಿಂಗ. ಆಮೇಲೆ ಚಮಚ ಕೈಗೆತ್ತಿಕೊಂಡ.

ಅಯ್ಯೋ... ಏನು ಕೇಳಿಬಿಟ್ಟೆ ನಾನು?

ವಾರ್ಡಿನ ಆಯಾ ಸಾವಿತ್ರವ್ವ ಸ್ವಲ್ಪ ಹೊತ್ತಿಗೆ ಪೂರ್ತಿ ಸುದ್ದಿ ತಂದಳು. ಯಾವ ಹಾಸಿಗೆಯ ಕಥೆಯೂ ಅವಳಿಗೆ ತಿಳಿಯದೆ ಉಳಿಯುತ್ತಿರಲಿಲ್ಲ. ಮಗುವಿಗೆ ಎಂಟು ತಿಂಗಳಿದ್ದಾಗ ತಾಯಿ ಕಾಮಾಲೆಯಿಂದ ತೀರಿಕೊಂಡಳಂತೆ. ಮನೆಯಲ್ಲಿ ಇವನ ತಾಯಿ ಶೆಟ್ಟೆವ್ವ ಇದ್ದಾಳೆ, ಅವಳಿಗೆ ಮೊಣಕಾಲು ಬೇನೆ. ಮಗುವನ್ನು ಎತ್ತಿ ಆಡಿಸುವುದು, ತೊಳೆಯುವುದು, ಉಣಿಸುವುದು, ಎಲ್ಲ ಇವನದೇ ಅಂತೆ.

ಅರ್ಚನಾ ಬೇರೆ ಮಕ್ಕಳಿಗೆ ಔಷಧ ಕೊಡುತ್ತ ಓಡಾಡಿದಳು, ಆದರೆ ಅವಳ ಕಣ್ಣು ಮತ್ತೆ ಮತ್ತೆ ಆ ಮೂಲೆಗೆ ಹೋಗುತ್ತಿತ್ತು. ಗಂಡಸರ ಕೈಗೆ ಚಮಚ ಕೊಟ್ಟರೆ ಹತ್ತು ನಿಮಿಷಕ್ಕೆ ಬೇಸರ ಬಂದು ಫೋನ್ ತೆಗೆಯುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಇವನು ಕದಲಲಿಲ್ಲ. ಗಡಿಯಾರ ಅವನ ಬೆನ್ನ ಹಿಂದಿನ ಗೋಡೆಯ ಮೇಲಿತ್ತು, ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಅವಳು ತನ್ನ ವಾಚು ಹಿಡಿದು ಗುಟ್ಟಾಗಿ ಪರೀಕ್ಷಿಸಿದಳು. ಒಂದು ಚಮಚ. ಸರಿಯಾಗಿ ಎರಡು ನಿಮಿಷ. ಇನ್ನೊಂದು ಚಮಚ.

ಕೊನೆಗೆ ತಡೆಯಲಾಗದೆ, ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿಯೇಬಿಟ್ಟಳು.

ಅವನಿಗೆ ನಾಚಿಕೆಯಾಯಿತು. "ನಮ್ಮವು ನೂರಾ ಇಪ್ಪತ್ತು ಕುರಿ ಅದಾವ್ರಿ. ಕುರಿ ಕೂಡೋ ದಡ್ಡಿ ಬಾಗಿಲದಾಗ ನಿಂತು ಒಂದೊಂದ ಹೊರಗ ಬಿಟ್ಟಂಗ ಮನಸಿನ್ಯಾಗ ಎಣಸಾಕತ್ತೇನಿ. ಕಡೀ ಕುರಿ ದಾಟಿತಂದ್ರ ಒಂದು ಚಮಚ."

ಅರ್ಚನಾ ನಕ್ಕಳು. ಅಷ್ಟು ಜೋರಾಗಿ ಬೈದ ಬಾಯಿಂದ ಅಷ್ಟು ಬೇಗ ನಗು ಬಂದದ್ದಕ್ಕೆ ಅವಳಿಗೇ ಮುಜುಗರವಾಯಿತು. ಟ್ರೇ ಎತ್ತಿಕೊಂಡು ಅಲ್ಲಿಂದ ಹೊರಟುಬಿಟ್ಟಳು.

ಲಗಮಿ ನಡುವೆ ಎರಡು ಸಲ ವಾಂತಿ ಮಾಡಿಕೊಂಡಳು. ಎರಡು ಸಲವೂ ಅವನು ಒರೆಸಿ, ತಡೆದು, ಮತ್ತೆ ಮೊದಲಿನಿಂದ ಶುರು ಮಾಡಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಗು ತಾನೇ ಬಾಯಿ ತೆರೆದು ಚಮಚಕ್ಕೆ ಕಾಯತೊಡಗಿತು. ನಾಲ್ಕು ಗಂಟೆಯ ಸುಮಾರಿಗೆ ಅವನ ಧೋತರ ಒದ್ದೆಯಾಯಿತು.

ಅವನು ಗಾಬರಿಯಿಂದ ಎದ್ದು ನಿಂತ. ಹಾಸಿಗೆಯೂ ಹಸಿಯಾಗಿದೆ, ತಪ್ಪಾಯಿತು, ತಾನೇ ಒಗೆದು ಕೊಡುತ್ತೇನೆ ಎನ್ನತೊಡಗಿದ. ಅರ್ಚನಾ ಓಡಿ ಬಂದು ಮಗುವಿನ ಕೆನ್ನೆ ಹಿಂಡಿದಳು. ಮೂತ್ರ ಬಂತೆಂದರೆ ದೇಹಕ್ಕೆ ನೀರು ಹತ್ತಿತು, ಇನ್ನು ಸಲಾಯಿನ್ ಬೇಕಾಗಲಿಕ್ಕಿಲ್ಲ ಎಂದು ಅವನಿಗೆ ತಿಳಿಸಿ ಹೇಳುವಾಗ ಅವಳ ಮುಖ ಅರಳಿತ್ತು.

"ಉಚ್ಚಿ ಹೊಯ್ದದ್ದಕ್ಕ ಇಷ್ಟು ಖುಷಿಪಡೋರ್ನ ನಾ ಎಲ್ಲೂ ನೋಡಿಲ್ರಿ," ಎಂದ ಮಾಲಿಂಗ.

ಅವನ ಕಣ್ಣು ತುಂಬಿತ್ತು.

*

ಮೂರನೆಯ ದಿನ ಲಗಮಿಗೆ ಮನೆಗೆ ಹೋಗಲು ಅಪ್ಪಣೆ ಸಿಕ್ಕಿತು. ಹದಿನಾಲ್ಕು ದಿನ ಕೊಡಬೇಕಾದ ಜಿಂಕ್ ಗುಳಿಗೆ, ಭೇದಿಯಿದ್ದರೂ ನಿಲ್ಲಿಸಬಾರದ ಊಟ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು, ಎಲ್ಲವನ್ನೂ ಅರ್ಚನಾ ಹೇಳಿದಳು. ಅವನು ಪ್ರತಿಯೊಂದನ್ನೂ ತಿರುಗಿ ಒಪ್ಪಿಸಿದ. ಕೊನೆಗೆ ಆಸ್ಪತ್ರೆಯ ಚೀಟಿಯ ಹಿಂದೆ ವಾರ್ಡಿನ ಫೋನ್ ನಂಬರ್ ಬರೆದಳು. ಅದರ ಕೆಳಗೆ ತನ್ನದನ್ನೂ ಬರೆದಳು.

ಯಾಕೆ ಬರೆದೆ? ಮಗುವಿಗಾಗಿ, ಎಂದು ಮನಸ್ಸಿಗೆ ಹೇಳಿಕೊಂಡಳು. ತಾಯಿಯಿಲ್ಲದ ಮಗು, ಪಾಪ.

ಫೋನ್ ಬರತೊಡಗಿತು.

ಮೊದಲು ಶೀತ, ಆಮೇಲೆ ಜ್ವರ. ಜ್ವರದ ಮಗುವಿಗೆ ಕಂಬಳಿ ಹೊದಿಸಬೇಡಿ, ತೆಳ್ಳನೆ ಅಂಗಿ ಸಾಕು ಎಂದು ಅವಳು ಹೇಳಿದಳು. ಒರೆಸುವುದಾದರೆ ತಣ್ಣೀರು ಬೇಡ, ಉಗುರುಬೆಚ್ಚಗಿರಲಿ. ಔಷಧ ಡಾಕ್ಟರು ತೂಕ ನೋಡಿ ಬರೆದಷ್ಟೇ, ಅಂದಾಜಿನ ಮೇಲೆ ಬೇಡ. ಒಮ್ಮೆ ಕಿವಿ ನೋವು ಬಂತು. ಅವನು ತಾಯಿ ಹೇಳಿದಂತೆ ಕಾಯಿಸಿದ ಎಣ್ಣೆ ಹಾಕಲು ಹೊರಟಿದ್ದವನು, ಮೊದಲು ಅವಳನ್ನು ಕೇಳಿದ್ದರಿಂದ ನಿಂತ. ಕೆಮ್ಮು ಬಂದಾಗ ಉಸಿರು ಎಣಿಸುವುದನ್ನು ಫೋನಿನಲ್ಲೇ ಕಲಿಸಿದಳು. ಮಗು ಮಲಗಿದ್ದಾಗ ಒಂದು ಪೂರ್ತಿ ನಿಮಿಷ ಹೊಟ್ಟೆ ಏರಿಳಿಯುವುದನ್ನು ನೋಡಬೇಕು, ನಲವತ್ತು ದಾಟಿದರೆ ಅಥವಾ ಪಕ್ಕೆ ಒಳಗೆ ಎಳೆದುಕೊಂಡರೆ ತಡಮಾಡದೆ ಕರೆತರಬೇಕು.

ಎಣಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ದಸರೆ ಹೊತ್ತಿಗೆ ಅವಳಿಗೆ ಅವನ ಮನೆಯ ಶಬ್ದಗಳೆಲ್ಲ ಪರಿಚಯವಾಗಿದ್ದವು. ಹಿಂದೆ ಮರಿಗಳ ಅರಚಾಟ, ಶೆಟ್ಟೆವ್ವನ ಗೊಣಗಾಟ, "ನರ್ಸಬಾಯಿ ಫೋನ್, ನರ್ಸಬಾಯಿ ಫೋನ್" ಎಂದು ಲಗಮಿ ಕುಣಿಯುವುದು. ದೀಪಾವಳಿಗೆ ಮುಂಚಿನ ವಾರ ನಾಲ್ಕು ದಿನ ಫೋನ್ ಬರಲಿಲ್ಲ. ಅವಳು ನಾಲ್ಕು ದಿನವೂ ಫೋನನ್ನು ಸಮವಸ್ತ್ರದ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದಳು.

"ಕೆಮ್ಮು ಕೂಸಿಗೆ ಬಂದೈತೋ, ಕೂಸಿನ ಅಪ್ಪಗ ಬಂದೈತೋ?" ಎಂದು ಸಾವಿತ್ರವ್ವ ಹಾಸಿಗೆ ಝಾಡಿಸುತ್ತ ಕೇಳಿದಳು.

"ಸುಮ್ನಿರಬೇ ಸಾವಿತ್ರವ್ವಾ."

"ಸುಮ್ನ ಇದ್ದೇನಿ. ನಾ ಏನಂದೆ? ಕೆಮ್ಮು ಅಂದೆ."

ಅರ್ಚನಾಳ ಮುಖ ಕೆಂಪಾಯಿತು. ಆದರೆ ಆ ಸಂತೋಷದ ಹಿಂದೆಯೇ ಒಂದು ಹೆದರಿಕೆಯೂ ಇತ್ತು... ಅದು ಯಾರಿಗೂ ಹೇಳಿಕೊಳ್ಳಲಾಗದಂಥದ್ದು.

ಅವಳಿಗೆ ಇಪ್ಪತ್ತೆಂಟು ತುಂಬಿತ್ತು. ತವರು ಯಮಕನಮರಡಿ. ಅಪ್ಪ ಸತ್ತೆಪ್ಪ ಬಹಳ ಹಿಂದೆಯೇ ಕುರಿ ಮಾರಿ ಲಾರಿ ಡ್ರೈವರ್ ಆದವನು, ಈಗ ಹೆದ್ದಾರಿ ಬದಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದ. ನರ್ಸಿಂಗ್ ಕಲಿತ ದಿನದಿಂದ ಅರ್ಚನಾ ಆ ಮನೆಗೆ ಮಗಳಾಗಿದ್ದಕ್ಕಿಂತ ದವಾಖಾನೆಯಾಗಿದ್ದೇ ಹೆಚ್ಚು. ರಜೆಗೆ ಹೋದರೆ ಅಪ್ಪನ ಸಕ್ಕರೆ ಪರೀಕ್ಷೆ, ಅತ್ತಿಗೆಯ ಬಾಣಂತನ, ನೆರೆಯವರ ಗಾಯದ ಪಟ್ಟಿ. ಉಂಡೆಯಾ ಎಂದು ಕೇಳುವ ಮೊದಲೇ ತೋಳು ಮುಂದೆ ಚಾಚುತ್ತಿದ್ದರು. ಅವಳು ಬೇಸರಪಟ್ಟವಳಲ್ಲ. ಪ್ರೀತಿಯಿಂದಲೇ ಮಾಡಿದಳು.

ಆದರೆ ಹಿಂದಿನ ವರ್ಷ ಘಟಪ್ರಭಾದಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿಗೆ ಪಾರ್ಶ್ವವಾಯು. ನೋಡಲು ಬಂದವರು ಅವಳ ಓದು ಕೇಳಲಿಲ್ಲ, ಇಷ್ಟ ಕೇಳಲಿಲ್ಲ. ಇಂಜೆಕ್ಷನ್ ಮನೆಯಲ್ಲೇ ಮಾಡುತ್ತೀಯಾ, ಮಲಗಿದವರನ್ನು ಒಬ್ಬಳೇ ಹೊರಳಿಸಲು ಬರುತ್ತದಾ ಎಂದು ಕೇಳಿದರು. ಅಂದು ಅವಳು ಒಪ್ಪಲಿಲ್ಲ. ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಿದ್ದಳು. ನನ್ನನ್ನು ನನಗಾಗಿ ಬೇಕು ಅನ್ನುವವರು ಒಬ್ಬರೂ ಇಲ್ಲವೇ?

ಈಗ ಮಾಲಿಂಗನ ಫೋನ್ ಬಂದಾಗಲೆಲ್ಲ ಅದೇ ಪ್ರಶ್ನೆ ಏಳುತ್ತಿತ್ತು. ಇವನು ಫೋನ್ ಮಾಡುವುದು ನರ್ಸ್‌ಗೋ... ನನಗೋ?

*

ಸಂಕ್ರಾಂತಿ ಮುಗಿದ ಮೇಲೆ ಒಂದು ಭಾನುವಾರ, ಅವಳು ತವರಿನಲ್ಲಿದ್ದಾಗ, ಶೆಟ್ಟೆವ್ವ ತನ್ನ ತಂಗಿ ದುಂಡವ್ವನನ್ನು ಜೊತೆ ಮಾಡಿಕೊಂಡು ಯಮಕನಮರಡಿಗೆ ಬಂದಳು. ಮಗನ ಎರಡನೆಯ ಸಂಬಂಧದ ಮಾತಾಡಲು ಬಂದಿದ್ದಳು. ಮಾಲಿಂಗ ಬಂದಿರಲಿಲ್ಲ.

ಅರ್ಚನಾ ಚಹಾ ತಂದಿಟ್ಟಳು. ಎದೆಯಲ್ಲಿ ಹಬ್ಬದಂಥ ಗದ್ದಲ. ಶೆಟ್ಟೆವ್ವ ಅವಳನ್ನು ಬಾಜೂಕ್ಕೆ ಕೂರಿಸಿಕೊಂಡು ಕೆನ್ನೆ ಸವರಿದಳು. ಒಳ್ಳೆಯ ಮುದುಕಿ, ಅವಳ ಮಾತಿನಲ್ಲಿ ಕಪಟವಿರಲಿಲ್ಲ.

"ನಮ್ಮ ಲಗಮಿ ಸಲುವಾಗಿ ಬಂದೇವಿ ಯವ್ವಾ. ನನ್ನ ಮಗ ಖುದ್ದ ಹೇಳ್ಯಾನ, ಕೂಸಿಗೆ ಚಲೋ ಆಗತೈತಿ, ಹೋಗಿ ಕೇಳಂತ. ಅದು ಒಮ್ಮಿ ಕೆಮ್ಮಿದ್ರ ಗೋಕಾಕಿಗೆ ಓಡಬೇಕು. ನೀ ಬಂದ್ರ ದವಾಖಾನಿನ ಮನಿಗೆ ಬಂದಂಗಾತು ನೋಡು."

ದುಂಡವ್ವ ಹೌದೌದೆಂದು ತಲೆಯಾಡಿಸಿದಳು. ಶೆಟ್ಟೆವ್ವನ ಮೊಣಕಾಲಿಗೂ ಮನೆಯಲ್ಲೇ ಔಷಧವಾಗುತ್ತದೆ ಎಂದು ನಕ್ಕಳು.

ಅರ್ಚನಾ ಖಾಲಿ ಕಪ್ಪು-ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಲೆಯ ಮುಂದೆ ಎಷ್ಟು ಹೊತ್ತು ನಿಂತಳೋ ಅವಳಿಗೇ ತಿಳಿಯಲಿಲ್ಲ. ಖುದ್ದ ಹೇಳ್ಯಾನ... ಕೂಸಿಗೆ ಚಲೋ ಆಗತೈತಿ... ಹಾಗಾದರೆ ಇಷ್ಟು ತಿಂಗಳ ಆ ಫೋನು, ಆ ಮಾತು, ಆ ನಗು?

ಬಂದವರು ಹೋದ ಮೇಲೆ ಅಪ್ಪನಿಗೆ ಬೇಡ ಎಂದಳು. ಸತ್ತೆಪ್ಪ ಯಾಕೆಂದು ಕೇಳಿದ. ಮಗಳ ಮುಖ ನೋಡಿ ಎರಡನೆಯ ಸಲ ಕೇಳಲಿಲ್ಲ.

ಮರುದಿನ ಬೆಳಗ್ಗೆ ಗೋಕಾಕಿನ ಬಸ್ಸಿಗೆ ಕಾಯುತ್ತ ನಿಂತಾಗ ಅವಳೇ ಅವನಿಗೆ ಫೋನ್ ಮಾಡಿದಳು. ಅವಳಾಗಿ ಮಾಡಿದ್ದು ಅದೇ ಮೊದಲು.

"ನಿಮಗ ಬೇಕಾದದ್ದು ನರ್ಸ್. ಅದಕ್ಕ ಲಗ್ನ ಯಾಕ್ರಿ? ದವಾಖಾನಿ ಬಾಗಿಲಾ ತೆರದ ಐತಿ. ಕೂಸಿಗೆ ಆರಾಮ ಇಲ್ಲದಾಗ ಕರ್ಕೊಂಡ್ ಬರ್ರಿ, ನಾ ನೋಡ್ತೇನಿ. ಮನಿಗೊಂದು ದವಾಖಾನಿ ಬೇಕಂತ ನನ್ನ ಕೇಳಬ್ಯಾಡ್ರಿ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

ಹೇಳು... ಹಾಗಲ್ಲ ಅನ್ನು. ಒಂದೇ ಒಂದು ಮಾತು ಹೇಳು...

"ಆತ್ರಿ ಬಾಯಾರ," ಎಂದ ಮಾಲಿಂಗ. ಫೋನ್ ಇಟ್ಟ.

ಅವಳ ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹುಕ್ಕೇರಿ ದಾಟುವವರೆಗೂ ಅವಳು ಹೊರಗೆ ಮುಖ ಮಾಡಿಯೇ ಕೂತಿದ್ದಳು, ಏಕೆಂದರೆ ಪಕ್ಕದ ಹೆಂಗಸು ಮಾತಿನವಳಾಗಿದ್ದಳು, ಕಣ್ಣೀರು ಕಂಡರೆ ಕೇಳದೆ ಬಿಡುವವಳಲ್ಲ.

*

ಒಂದು ತಿಂಗಳಾಯಿತು. ಫೋನ್ ಬರಲಿಲ್ಲ. ಸಾವಿತ್ರವ್ವ ಈಗ ಕೆಮ್ಮಿನ ಮಾತೆತ್ತುತ್ತಿರಲಿಲ್ಲ. ಅದರ ಬದಲು ತನ್ನ ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದು ಮಾತಿಲ್ಲದೆ ಅವಳ ಕೈಗಿಡುತ್ತಿದ್ದಳು.

ಫೆಬ್ರವರಿಯ ಕೊನೆಯಲ್ಲಿ ನಾಗನೂರದ ಮೇಘಾ ಎಂಬ ಎಳೆಯ ತಾಯಿ ವರ್ಷದ ಮಗನನ್ನು ಎತ್ತಿಕೊಂಡು ಬಂದಳು. ಎರಡು ದಿನದಿಂದ ಭೇದಿ. ಅರ್ಚನಾ ಅಭ್ಯಾಸಬಲದಿಂದ ಹೊಟ್ಟೆಯ ಚರ್ಮ ಚಿವುಟಿ ನೋಡಿದಳು. ತಟ್ಟನೆ ಇಳಿಯಿತು. ಬಾಯಿ ಹಸಿಯಾಗಿತ್ತು, ಅಳುವಿನಲ್ಲಿ ಕಣ್ಣೀರಿತ್ತು. ಮೇಘಾಳ ಚೀಲದಲ್ಲಿ ಒಂದು ಲೀಟರಿನ ಬಾಟಲಿ, ಅರ್ಧ ಉಳಿದ ಓಆರ್‌ಎಸ್, ಒಂದು ಚಮಚ.

ಇಷ್ಟು ಚೆನ್ನಾಗಿ ಯಾರು ಹೇಳಿಕೊಟ್ಟರು ಎಂದು ಕೇಳಿದಳು.

"ನಮ್ಮ ಓಣಿ ಮಾಲಿಂಗಣ್ಣ ಅದಾನಲ್ರಿ, ಅವ. ಈಗ ಯಾರ ಮನ್ಯಾಗ ಕೂಸಿಗೆ ಹೊಟ್ಟಿ ಕೆಟ್ರೂ ಅವನ್ನ ಕೇಳತಾರ. ನಮ್ಮ ಅತ್ತಿ ನೀರು ಕೊಡಬ್ಯಾಡ ಅಂತ ಹಟಾ ಹಿಡಿದಿದ್ಲು. ಅವ ಆಕಿಗೆ, ಕಾಕೂ, ನಾನೂ ಹಿಂಗ ಮಾಡಿ ಮಗಳನ್ನ ಕಳ್ಕೋತಿದ್ದೆ ಅಂತ ಹೇಳಿ ಕುಂತು ತಿಳಿಸಿದ."

ಅರ್ಚನಾಳ ಕೈ ಚಮಚದ ಮೇಲೆಯೇ ನಿಂತಿತು. ಅಂದು ವಾರ್ಡಿನ ಹೆಂಗಸರೆದುರು ಕಪ್ಪಿಟ್ಟ ಮುಖ ಅದು. ಅದೇ ತಪ್ಪನ್ನು ಈಗ ಅವನೇ ಮನೆಮನೆಗೆ ಹೋಗಿ ಹೇಳಿಕೊಳ್ಳುತ್ತಿದ್ದಾನೆ...

ಮೇಘಾಳ ಮಾತು ಮುಂದುವರಿದಿತ್ತು. ಮೊನ್ನೆ ಅವನ ಮಗಳಿಗೇ ಜ್ವರ ಬಂದಿತ್ತಂತೆ. ಮೂರು ದಿನ ಮೈ ಸುಡುತ್ತಿತ್ತಂತೆ. ಕುರಿ ಕಾಯಲು ಬೇರೆಯವರನ್ನಿಟ್ಟು ಅವನು ಮಗಳ ಹತ್ತಿರವೇ ಕೂತಿದ್ದನಂತೆ. ಇಳಿಯದಿದ್ದಾಗ ಮೂಡಲಗಿಯ ಸರಕಾರಿ ದವಾಖಾನೆಗೆ ಕರೆದೊಯ್ದು ರಕ್ತ ತೋರಿಸಿದನಂತೆ. ಈಗ ಆರಾಮಾಗಿ ಆಡುತ್ತಿದ್ದಾಳಂತೆ.

ಮೂರು ದಿನ ಜ್ವರ! ಒಂದು ಫೋನೂ ಇಲ್ಲ!

ಸಿಟ್ಟೋ ದುಃಖವೋ, ಅರ್ಚನಾಳಿಗೆ ಗೊತ್ತಾಗಲಿಲ್ಲ. ಲಗಮಿಯ ಬಿಸಿ ಹಣೆ ತನ್ನ ಅಂಗೈಗೇ ತಾಗಿದ ಹಾಗೆ ಆಯಿತು. ಅಂದು ಅವಳಿಗೆ ಒಂದು ಮಾತು ಸ್ಪಷ್ಟವಾಯಿತು. ಆ ಮಗು ಅವಳಿಗೆ ಬೇಕಾಗಿತ್ತು. ಮಗುವಿನ ಅಪ್ಪನೂ ಬೇಕಾಗಿದ್ದ. ಆದರೆ ತನ್ನನ್ನು ಬೇಡದ ಮನೆಗೆ ಬರೀ ತನ್ನ ಕೈಗಳನ್ನು ಕಳಿಸಲು ಅವಳಿಂದ ಆಗುತ್ತಿರಲಿಲ್ಲ.

*

ಮಾರ್ಚ್ ಮೊದಲ ವಾರ ಧುಪದಾಳದ ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಇತ್ತು. ಡಾಕ್ಟರ ಜೊತೆ ಅರ್ಚನಾಳೂ ಹೋದಳು. ತೂಕ, ಎತ್ತರ, ಹಲ್ಲು, ಕಣ್ಣು ಮುಗಿಸುವ ಹೊತ್ತಿಗೆ ಮೂರು ಗಂಟೆ. ಡಾಕ್ಟರು ಮಾಸ್ತರರ ಜೊತೆ ಊಟಕ್ಕೆ ಕೂತರು. ಅವಳು ಕೈ ತೊಳೆದುಕೊಂಡು ಹೊರಗೆ ಬಂದರೆ ಶಾಲೆಯ ಗೇಟಿನ ಆಚೆ ಮಾಲಿಂಗ ನಿಂತಿದ್ದ.

ಒಬ್ಬನೇ. ತೋಳಲ್ಲಿ ಮಗುವಿರಲಿಲ್ಲ.

ಅವನ ಹಿಂಡು ಹದಿನೈದು ದಿನದಿಂದ ನದಿ ದಂಡೆಯ ಹೊಲಗಳಲ್ಲಿ ಮೇಯುತ್ತಿತ್ತು. ಗೋಕಾಕದಿಂದ ದವಾಖಾನೆಯವರು ಬಂದಿದ್ದಾರೆಂದು ಶಾಲೆಯ ಮಕ್ಕಳಿಂದ ತಿಳಿದು ಬಂದಿದ್ದ.

"ಲಗಮಿ ಎಲ್ಲಿ? ಏನಾತು?" ಅರ್ಚನಾಳ ಬಾಯಿಂದ ಮೊದಲು ಬಂದದ್ದು ಅದೇ.

"ಏನೂ ಆಗಿಲ್ರಿ. ಅವ್ವನ ಕಡೆ ಮನ್ಯಾಗ ಅದಾಳ. ಗಟ್ಟಿಮುಟ್ಟ ಅದಾಳ."

"ಜ್ವರ ಬಂದಿತ್ತಂತ."

"ಬಂದಿತ್ರಿ."

"ಮೂರು ದಿನ! ನನಗ್ಯಾಕ ಫೋನ್ ಮಾಡಲಿಲ್ಲ?"

"ಮಾಡಬಾರದಂತ ಮಾಡಲಿಲ್ರಿ."

ಅವಳು ತಿರುಗಿ ಒಳಗೆ ಹೋಗಲು ಹೊರಟಳು. ಅವನು ತಡೆಯಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದು ಒಂದು ಮಾತು ಮಾತ್ರ ಕೇಳಿಕೊಂಡ. ಐದು ನಿಮಿಷ ಕೊಟ್ಟರೆ ಸಾಕು, ಆಮೇಲೆ ಮತ್ತೆ ಮುಖ ತೋರಿಸುವುದಿಲ್ಲ ಎಂದ.

ಇಬ್ಬರೂ ನದಿಯ ಒಡ್ಡಿನ ಕಡೆ ಹೋಗುವ ದಾರಿಯಲ್ಲಿ ಬೇವಿನ ಮರದ ನೆರಳಿಗೆ ಬಂದು ನಿಂತರು. ಒಡ್ಡು ದಾಟಿ ಬೀಳುವ ನೀರಿನ ಸದ್ದು ಅಲ್ಲಿಗೂ ಕೇಳುತ್ತಿತ್ತು. ಆಚೆ ಹೊಲದಲ್ಲಿ ಕುರಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು.

ಮಾಲಿಂಗ ತಲೆಯೆತ್ತಿದ.

"ಅವತ್ತು ಫೋನಿನ್ಯಾಗ ನೀವು ಅಂದದ್ದು ಸುಳ್ಳಲ್ರಿ. ಸುರುವಿಗೆ ನಾ ಕೂಸಿನ ಸಲುವಾಗೇ ಫೋನ್ ಮಾಡತಿದ್ದೆ. ಆಮ್ಯಾಲ..."

"ಆಮ್ಯಾಲ?"

"ದಸರಾ ಆದ ಮ್ಯಾಲಿನ ಕೆಮ್ಮು ಎಲ್ಲಾ ಸುಳ್ಳ್ರಿ."

ಅರ್ಚನಾ ಕಣ್ಣು ಬಿಟ್ಟು ನೋಡಿದಳು. "ಸುಳ್ಳು?"

"ಲಗಮಿಗೆ ಕೆಮ್ಮ ಇರಲಿಲ್ಲ. ನಿಮ್ಮ ಕೂಡ ಮಾತಾಡಾಕ ಬ್ಯಾರೆ ಏನೂ ನೆವ ಸಿಗತಿರಲಿಲ್ಲ."

"ಮತ್ತ ಉಸರು ಎಣಿಸಿ ಹೇಳತಿದ್ರಿ?"

"ಎಣಸ್ತಿದ್ದೆ. ಸುಳ್ಳು ಹೇಳಿದ್ರೂ ಲೆಕ್ಕ ಖರೇನ ಹೇಳತಿದ್ದೆ."

"ಕಿವಿ ನೋವು?"

"ಅದು ಖರೆ ಬಂದಿತ್ರಿ. ಶೀತ, ಜ್ವರಾನೂ ಖರೆ."

ನಗಬಾರದು ಎಂದು ಅವಳು ತುಟಿ ಬಿಗಿಹಿಡಿದಳು. ಆದರೆ ಆ ಭಾನುವಾರದ ಮಾತು ಇನ್ನೂ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಹಾಗಿದ್ದರೆ ಅವ್ವನ ಕಡೆಯಿಂದ ಯಾಕೆ ಹಾಗೆ ಹೇಳಿ ಕಳಿಸಿದಿರಿ ಎಂದು ಕೇಳಿದಳು.

ಅವನು ಹೇಳಿದ್ದನ್ನು ಅವಳು ಎಂದೂ ಮರೆಯಲಿಲ್ಲ. ಅವರ ಕಡೆ ಹೆಂಡತಿ ಸತ್ತವನು ಮತ್ತೊಂದು ಲಗ್ನದ ಮಾತೆತ್ತಿದರೆ, ಅದು ಯಾವಾಗಲೂ ಮಗುವಿನ ಸಲುವಾಗಿ ಎಂದೇ ಹೇಳಬೇಕು. ಅವನ ಕಾಕಾ ಹಾಗೆ ಹೇಳಿದ, ಓಣಿಯ ಎಲ್ಲರೂ ಹಾಗೆ ಹೇಳಿದರು. ನನಗೆ ಬೇಕು ಅಂದರೆ ಸತ್ತವಳ ಮೇಲೆ ಪ್ರೀತಿಯಿಲ್ಲ ಅಂತಾರೆ, ನಾಚಿಕೆಗೇಡಿ ಅಂತಾರೆ. ತಾಯಿಯ ಮುಂದೆ ನಿಂತಾಗ ಅವನಿಗೂ ಬೇರೆ ಮಾತು ಹೊರಡಲಿಲ್ಲ. ಕೂಸಿಗೆ ಚಲೋ ಆಗತೈತಿ ಎಂದುಬಿಟ್ಟ. ಮುದುಕಿ ಅದನ್ನು ನಂಬಿ, ಇದ್ದದ್ದು ಇದ್ದ ಹಾಗೆ ಅವಳಿಗೆ ಒಪ್ಪಿಸಿದಳು.

"ಫೋನಿನ್ಯಾಗರೆ ಹೇಳಬಹುದಿತ್ತಲ್ಲ?"

"ಅವಾಗ ಹೇಳಿದ್ರ ನೀವು ನಂಬತಿದ್ರೇನು? ಮನ್ಯಾಗ ಕೂಸಿಗೆ ನೆಗಡಿ ಬಂದ್ರ ನನ್ನ ಕೈಕಾಲು ನಡಗತಿದ್ವು. ನರ್ಸ್ ಬೇಕಾಗಿತ್ತು ನನಗ, ಅದೂ ಖರೆ. ಅದಕ್ಕ ಮೊದಲ ಕಲಿಯೂಣು ಅಂದ್ಕೊಂಡೆ. ನೀವು ಹೇಳಿದ್ದೆಲ್ಲಾ ನೆನಪ ಮಾಡಿ ಮಾಡಿ ಕಲಿತೆ. ಜ್ವರ ಬಂದಾಗ ಎರಡು ಸಲ ನಿಮ್ಮ ನಂಬರ್ ಒತ್ತಿ, ತಗದೆ. ನಾನೊಬ್ಬನ ನೋಡಿಕೊಂಡೆ. ಇಳೀತು."

ಅವನು ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎತ್ತರದ ಆಳು, ಶಾಲೆಯ ಹುಡುಗನಂತೆ ನಿಂತಿದ್ದ.

"ಈಗ ನನ್ನ ಮಗಳಿಗೆ ನರ್ಸ್ ಬೇಕಾಗಿಲ್ರಿ. ಅವ್ವನ ಮೊಣಕಾಲಿಗೆ ಮೂಡಲಗಿ ಡಾಕ್ಟರ್ ಅದಾರ. ಮನ್ಯಾಗ ಎಲ್ಲಾರೂ ಆರಾಮ ಅದಾರ. ಅದಕ್ಕ ಇವತ್ತ ಕೇಳಾಕ ಬಂದೇನಿ. ನೀವು ನನಗ ಬೇಕು. ನನಗ."

ನೀರಿನ ಸದ್ದು ಒಮ್ಮೆಲೇ ಹತ್ತಿರ ಬಂದಂತಾಯಿತು.

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ... ಯಾರಿಗೂ ಬೇನೆಯಿಲ್ಲದ ಒಂದು ಮನೆಯಿಂದ ಒಬ್ಬ ಮನುಷ್ಯ ಅವಳನ್ನು ಕೇಳಲು ಬಂದಿದ್ದ.

ಅರ್ಚನಾ ಕಣ್ಣೊರೆಸಿಕೊಂಡಳು. ತಾನು ಕೆಲಸ ಬಿಡುವುದಿಲ್ಲ ಎಂದಳು. ಬಿಡು ಎಂದವರು ಯಾರು, ನಾಗನೂರದಿಂದ ಬೆಳಗಿನ ಬಸ್ಸಿದೆ, ಬಸ್ಸು ತಪ್ಪಿದರೆ ನನ್ನ ಗಾಡಿ ಇದೆ ಎಂದ. ಯಮಕನಮರಡಿಗೆ ಮತ್ತೆ ಬರುವಾಗ ನೀವೂ ಬರಬೇಕು, ಅಪ್ಪನ ಮುಂದೆ ಈಗ ಹೇಳಿದ್ದನ್ನೇ ಹೇಳಬೇಕು ಎಂದಳು. ಅವನಿಗೆ ಬೆವರು ಬಂತು. ಆದರೂ ಹೂಂ ಎಂದ.

"ಲಗಮಿ ನನಗೂ ಬೇಕು," ಎಂದಳು ಅರ್ಚನಾ ಮೆಲ್ಲಗೆ. "ಅದನ್ನ ಯಾರೂ ನನಗ ಹೇಳಿಕೊಡೋದು ಬೇಕಾಗಿಲ್ಲ. ನೀವು ಕೇಳಬೇಕಾಗಿತ್ತು ಅಷ್ಟ. ಕೇಳಿದ್ರಿ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿಂಡಿನಿಂದ ಒಂದು ದಪ್ಪ ಟಗರು ಮೇಯುತ್ತ ಮೇಯುತ್ತ ಬೇವಿನ ಮರದ ಹತ್ತಿರ ಬಂತು. ಅರ್ಚನಾ ಒಂದೇ ನೆಗೆತಕ್ಕೆ ಮಾಲಿಂಗನ ಬೆನ್ನ ಹಿಂದೆ ಸೇರಿ ಅವನ ಅಂಗಿಯ ತುದಿ ಹಿಡಿದಳು.

"ಅದನ್ನ ಓಡಸ್ರಿ ಮೊದಲ."

"ಕುರಿಯವರ ಮಗಳಾಗಿ ಟಗರಿಗೆ ಅಂಜತೀರೇನ್ರಿ?"

"ಆರು ವರ್ಷದಾಕಿ ಇದ್ದಾಗ ಒಂದು ಟಗರು ಹಾಯ್ದಿತ್ತು. ಹಾರಿ ಬಿದ್ದಿದ್ದೆ. ನಗಬ್ಯಾಡ್ರಿ."

ಅವನು ನಗಲಿಲ್ಲ. ನಾಲಿಗೆಯಿಂದ ಒಂದು ಸದ್ದು ಮಾಡಿ ಟಗರನ್ನು ಹಿಂದಕ್ಕೆ ಕಳಿಸಿದ. ಆಮೇಲೆ ಅವಳ ಕಡೆ ತಿರುಗಿದ.

"ಎಲ್ಲಿ ಹಾಯ್ದಿತ್ತು?"

"ಇಲ್ಲಿ... ಸೊಂಟಕ್ಕ."

"ಈಗೂ ನೋವೈತೇನ್?"

ಅರ್ಚನಾ ಅವನ ಮುಖ ನೋಡಿದಳು. ಸಾವಿರಾರು ಸಲ ಸಾವಿರಾರು ಮಂದಿಗೆ ಅವಳು ಕೇಳಿದ ಪ್ರಶ್ನೆ. ತಿರುಗಿ ಅವಳಿಗೆ ಕೇಳಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ.

"ಇಪ್ಪತ್ತೆರಡು ವರ್ಷಾತ್ರಿ ಅದಾಗಿ," ಎಂದಳು.

"ಆಗಲಿ. ನೋವೈತೋ ಇಲ್ಲೋ, ಅದನ್ನ ಹೇಳ್ರಿ."

"ಚಳಿಯಾಗ ಒಂದೀಟ ಐತಿ," ಎಂದಳು ಅವಳು. ಅಂಗಿಯ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ.